ಮುದ್ರಿತ ಚಿತ್ರಗಳಲ್ಲಿ ವರ್ಣಪ್ರಾಮಾಣ್ಯ

೧

ವರ್ಣವೆಂಬ ಶಬ್ದಕ್ಕೆ ಅಕ್ಷರವೆಂದೂ ಬಣ್ಣವೆಂದೂ ಎರಡರ್ಥಗಳು ಪ್ರಸಿದ್ಧವಾಗಿವೆ. ಮೊದಲನೆಯ ಅರ್ಥದಲ್ಲಿ ವರ್ಣಶುದ್ಧಿಯ ವಿಷಯವಾಗಿ ನಮ್ಮ ವಿದ್ವಾಂಸರು ಎಷ್ಟು ಎಚ್ಚರವುಳ್ಳವರೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾದುದಿಲ್ಲ. ಓಲೆಯ ಪ್ರತಿಯಲ್ಲಿ ಶಕಾರವಿದ್ದ ಕಡೆ ಅಚ್ಚಿನಲ್ಲಿ ಸಕಾರವು ಬಿದ್ದರೆ ಸಂಪಾದಕನು ಶುದ್ಧಾಶುದ್ಧಪತ್ರಿಕೆಯಲ್ಲಿ ಅದನ್ನು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಳ್ಳದಿದ್ದರೆ ವಿಮರ್ಶಕನು ಒಪ್ಪಿಸುತ್ತಾನೆ. ಯಾವ ಪ್ರತಿಯನ್ನು ಆಧಾರವಾಗಿಟ್ಟುಕೊಂಡಿತು, ಅದು ಎಲ್ಲಿ ದೊರೆಯಿತು, ಎಲ್ಲೆಲ್ಲಿ ತ್ರುಟಿತವಾಗಿದೆ, ಸಂಪಾದಕನು ಊಹಿಸಿ ತುಂಬಿದ ಅಕ್ಷರಗಳಾವುವು ಎಂಬುದನ್ನು ಪೀಠಿಕೆಯಲ್ಲಿ ತಿಳಿಸದ ಗ್ರಂಥಕ್ಕೆ ವಿದ್ವನ್ಮಂಡಲಿಯಲ್ಲಿ ಮನ್ನಣೆಯು ದೊರೆಯುವುದಿಲ್ಲ.

ಎರಡನೆಯ ಅರ್ಥದಲ್ಲಿಯಾದರೋ ಸ್ಥಿತಿಯು ತೀರ ಬೇರೆಯಾಗಿದೆ. ಅದೇ ಗ್ರಂಥದ ನಡುವೆ ನುಣುಪಾದ ಕಾಗದದಲ್ಲಿ ಅಚ್ಚುಮಾಡಿ ಸೇರಿಸಿರುವ ವರ್ಣಚಿತ್ರಗಳನ್ನು ಎಲ್ಲರೂ ನೋಡಿ ಸಂತೋಷಿಸುತ್ತಾರೆ. ಆ ಬಣ್ಣಗಳು ಮೂಲದಲ್ಲಿ ಹಾಗೆಯೇ ಇವೆಯೆ, ಛಾಯಾಚಿತ್ರವನ್ನು ಯಾವ ಬೆಳಕಿನಲ್ಲಿ ತೆಗೆಯಲಾಯಿತು, ಅಚ್ಚಿಗೆ ಸಿದ್ಧಪಡಿಸುವಾಗ ಅದರಲ್ಲಿ ಏನೇನು ಬದಲಾವಣೆಗಳಾದುವು ಎಂದು ಕೇಳುವವರಿಲ್ಲ. ಕೇಳಿದರೆ ಹೇಳುವವರೂ ಇಲ್ಲ. ಹೀಗಿದ್ದರೂ ಆ ಪಟಗಳನ್ನೇ ಆಧಾರವಾಗಿಟ್ಟುಕೊಂಡು ಮೂರ್ತಿಲಕ್ಷಣ, ಕಾಲನಿರ್ಣಯ, ಶೈಲಿವಿಚಾರ ಮುಂತಾದುವುಗಳಲ್ಲಿ ಸಿದ್ಧಾಂತಗಳನ್ನು ಕಟ್ಟುತ್ತಿದ್ದೇವೆ. ಅಚ್ಚಾದ ಬಣ್ಣವು ಪ್ರಮಾಣವಾಗಬೇಕಾದರೆ ಅದನ್ನೂ ಪಾಠದಂತೆಯೇ ಸಂಪಾದಿಸಬೇಕು, ಸಂಪಾದಿಸಿದ ಬಗೆಯನ್ನು ತಿಳಿಸಬೇಕು ಎಂಬುದೇ ಈ ಲೇಖನದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವ ವಿಷಯ. ಈ ವಿಚಾರಕ್ಕೆ ನನ್ನನ್ನು ಪ್ರೇರಿಸಿದುದು ಪರರ ದೋಷಕ್ಕಿಂತ ಹೆಚ್ಚಾಗಿ ನನ್ನದೇ ಒಂದು ದೋಷ. ಆದುದರಿಂದ ಮೊದಲು ಅದನ್ನು ನಿವೇದಿಸುವುದು ಯುಕ್ತ.

೨

ಧ್ಯಾನಶ್ಲೋಕಗಳಲ್ಲಿ ದೇವತೆಯ ಮೈಬಣ್ಣವು ಅಲಂಕಾರಕ್ಕಾಗಿ ಹೇಳಿದುದಲ್ಲ. ಆಯುಧ, ವಾಹನಗಳಂತೆ ಅದೂ ಒಂದು ಲಕ್ಷಣ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ, ಒಂಬತ್ತು ನಿಧಿಗಳಾಗಿ ವಿಂಗಡಿಸಲ್ಪಟ್ಟ ಶ್ರೀತತ್ತ್ವನಿಧಿಯಲ್ಲಿ ಶ್ಲೋಕದೊಡನೆ ಚಿತ್ರವನ್ನೂ ಕೊಟ್ಟಿರುವುದು ಈ ಕಾರಣದಿಂದಲೇ. ಈ ಬಗೆಯ ಚಿತ್ರಗಳನ್ನು ಕುರಿತು ಕೆಲವು ವರ್ಷಗಳ ಕೆಳಗೆ ವಿದ್ವತ್ಸಭೆಯೊಂದರಲ್ಲಿ ನಾನೊಂದು ಪ್ರಬಂಧವನ್ನು ಓದಿದೆನು. ಅದರ ಒಂದು ಭಾಗಕ್ಕೆ ಆಧಾರವಾಗಿದ್ದುದು ಮನೆತನವೊಂದರಲ್ಲಿ ಉಳಿದುಬಂದಿದ್ದ ಸಚಿತ್ರ ಹಸ್ತಪ್ರತಿಯ ಮುದ್ರಣ. ಅಚ್ಚುಮಾಡಿಸಿದ ಸಂಸ್ಥೆಯ ಹೆಸರು ಇಲ್ಲಿ ಅಪ್ರಸ್ತುತ. ಅವರು ಶ್ರದ್ಧೆಯಿಂದಲೇ ಕೆಲಸಮಾಡಿದ್ದರು.

ಆ ಮುದ್ರಣದಲ್ಲಿ ಮಾತಂಗಿಯ ಮೈಬಣ್ಣವು ಕಡುನೀಲಿಯಾಗಿ ಕಾಣುತ್ತಿದ್ದಿತು. ಶ್ಲೋಕದಲ್ಲಿರುವ ವಿಶೇಷಣವು ಶ್ಯಾಮಾ ಎಂದು. ಶ್ಯಾಮಶಬ್ದಕ್ಕೆ ಹಸಿರೆಂದೂ ಕಪ್ಪೆಂದೂ ಎರಡರ್ಥಗಳನ್ನು ಅಮರಸಿಂಹನು ನಾನಾರ್ಥವರ್ಗದಲ್ಲಿ ಹೇಳಿದ್ದಾನೆ. ನೀಲಶಬ್ದವನ್ನಾದರೋ ಕಪ್ಪಿನ ಪರ್ಯಾಯಗಳ ಸಾಲಿನಲ್ಲಿಯೇ ಸೇರಿಸಿದ್ದಾನೆ. ನಮ್ಮ ದೇಶದ ಚಿತ್ರಕಾರರು ಮಾತಂಗಿಯನ್ನು ಸಾಮಾನ್ಯವಾಗಿ ಹಸಿರಾಗಿ ಬರೆಯುತ್ತಾರೆ. ಇಲ್ಲಿ ನೀಲಿಯಾಗಿರುವುದರಿಂದ ಈ ಚಿತ್ರಕಾರನಿಗೆ ಉಪದೇಶಮಾಡಿದ ಪಂಡಿತನು ಶ್ಯಾಮಶಬ್ದಕ್ಕೆ ಕಪ್ಪೆಂಬ ಅರ್ಥವನ್ನೇ ಗ್ರಹಿಸಿದ್ದನೆಂದೂ, ಆದಕಾರಣ ಇದು ಬೇರೊಂದು ಉಪದೇಶಪರಂಪರೆಗೆ ಸೇರಿದುದೆಂದೂ ನಾನು ವಾದಿಸಿದೆನು. ಕೋಶದ ಆಧಾರವಿದ್ದಿತು, ಚಿತ್ರದ ಆಧಾರವಿದ್ದಿತು, ಸಭೆಯವರು ಮೆಚ್ಚಿದರು. ನನ್ನಲ್ಲಿ ಪಾಠ ಹೇಳಿಸಿಕೊಂಡಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಸಂಶೋಧನಪ್ರಬಂಧದ ಒಂದು ಪ್ರಕರಣವನ್ನೇ ಈ ವಾದದ ಮೇಲೆ ನಿಲ್ಲಿಸಿದಳು.

ಅವಳಿಗೆ ಮೂಲವನ್ನು ನೋಡುವ ಅವಕಾಶವು ದೊರೆಯಿತು. ಅಲ್ಲಿಂದಲೇ ದೂರವಾಣಿಯಲ್ಲಿ, ‘ಗುರುಗಳೇ, ಅಮ್ಮನವರ ಮೈ ಹಸಿರಾಗಿಯೇ ಇದೆ, ತಾವು ಒಮ್ಮೆ ಬಂದು ನೋಡಬೇಕು’ ಎಂದಳು. ಹೋಗಿ ನೋಡಿದೆನು. ಕಿಟಕಿಯ ಬೆಳಕಿನಲ್ಲಿ ಹಿಡಿದಾಗ ಸಂದೇಹಕ್ಕೆ ಎಡೆಯೇ ಇರಲಿಲ್ಲ. ಗಿಳಿಯ ರೆಕ್ಕೆಯ ಹಸಿರು! ದೇವಿಯ ಪಕ್ಕದಲ್ಲಿ ಚಿತ್ರಕಾರನು ಗಿಳಿಯೊಂದನ್ನೂ ಬರೆದಿದ್ದನು. ಎರಡಕ್ಕೂ ಒಂದೇ ಬಣ್ಣವನ್ನು ಹಾಕಿದ್ದನು. ಮನೆಗೆ ಬಂದು ಮುದ್ರಿತಪಟವನ್ನು ಮತ್ತೆ ತೆರೆದು ನೋಡಿದರೆ ಅಲ್ಲಿಯ ಗಿಳಿಯೂ ನೀಲಿಯಾಗಿಯೇ ಇದ್ದಿತು. ನೀಲಿಯ ಗಿಳಿಯನ್ನು ಕಣ್ಣೆದುರಿಗೆ ಇಟ್ಟುಕೊಂಡು, ಅದನ್ನು ಕಾಣದೆ, ಉಪದೇಶಪರಂಪರೆಯನ್ನು ಊಹಿಸಿದ ನನ್ನ ಪಾಂಡಿತ್ಯಕ್ಕೆ ನಾನೇ ನಾಚಿದೆನು.

೩

ಹಸಿರು ನೀಲಿಯಾದುದು ಹೇಗೆ? ಪಟವನ್ನು ಅಚ್ಚಿಗೆ ಸಿದ್ಧಪಡಿಸಿದ ತರುಣನನ್ನು ಕಂಡು ವಿಚಾರಿಸಿದೆನು. ಅವನು ಏನನ್ನೂ ಮರೆಮಾಡದೆ ಹೇಳಿದನು. ಹಸ್ತಪ್ರತಿಯ ಕಾಗದವು ಹಳೆಯದಾಗಿ ಕೆಂಚುಹಳದಿಗೆ ತಿರುಗಿದ್ದಿತು. ಛಾಯಾಚಿತ್ರವು ಕಂಪ್ಯೂಟರಿನ ತೆರೆಯ ಮೇಲೆ ‘ಮಾಸಿದಂತೆ’ ಕಂಡಿತು. ಬಿಳುಪನ್ನು ನಿರ್ಣಯಿಸುವ ಸಾಧನದಿಂದ ಅಂಚಿನ ಕಾಗದವನ್ನು ಮುಟ್ಟಿ, ‘ಇದು ಬಿಳಿ’ ಎಂದು ಯಂತ್ರಕ್ಕೆ ತಿಳಿಸಿದನು. ಅಂಚು ಬೆಳ್ಳಗಾಯಿತು, ಚಿತ್ರವು ತೊಳೆದಂತೆ ಹೊಳೆಯಿತು, ಎಲ್ಲರಿಗೂ ಒಪ್ಪಿಗೆಯಾಯಿತು.

ಆದರೆ ಯಂತ್ರವು ಮಾಡಿದುದೇನು? ಅಂಚಿನಲ್ಲಿ ಎಷ್ಟು ಹಳದಿ ಇದ್ದಿತೋ ಅಷ್ಟನ್ನು ಕಳೆಯುವ ಲೆಕ್ಕವನ್ನು ಇಡಿಯ ಪಟಕ್ಕೆ ಅನ್ವಯಿಸಿತು. ಹಸಿರೆಂಬುದು ಹಳದಿ ನೀಲಿಗಳ ಕೂಟ. ಹಳದಿಯನ್ನು ಕಳೆದರೆ ಉಳಿಯುವುದು ನೀಲಿಯೇ. ದೇವಿಯೂ ಗಿಳಿಯೂ ಹೀಗೆ ನೀಲಿಯಾದರು.

ಭ್ರಾಂತಿಗೆ ನಮ್ಮ ಶಾಸ್ತ್ರಗಳಲ್ಲಿ ಕೊಡುವ ಪ್ರಸಿದ್ಧವಾದ ಉದಾಹರಣೆ ಪೀತಶಂಖದ್ದು. ಕಾಮಾಲೆ ರೋಗವುಳ್ಳವನಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುತ್ತದೆ. ದೋಷವು ಕಣ್ಣಿನದು, ಶಂಖದ್ದಲ್ಲ. ಛಾಯಾಚಿತ್ರದಲ್ಲಿಯೂ ಇಂತಹ ಕಾಮಾಲೆಯುಂಟು. ಹಳದಿಯ ವಿದ್ಯುದ್ದೀಪದ ಕೆಳಗೆ ತೆಗೆದ ಪಟವೆಲ್ಲವೂ ಹಳದಿಗೆ ತಿರುಗುತ್ತದೆ. ನೆರಳಿನಲ್ಲಿ ತೆಗೆದುದು ನೀಲಿಗೆ. ಅದನ್ನು ಕಳೆಯಲೇ ಬೇಕು. ನಮ್ಮ ಪ್ರಕೃತದಲ್ಲಿಯಾದರೋ ಶಂಖವೇ ಹಳದಿಯಾಗಿದ್ದಿತು. ವೈದ್ಯನು ಕಣ್ಣಿಗೆ ರೋಗವೆಂದು ಬಗೆದು ಔಷಧ ಕೊಟ್ಟನು. ಬೆಳಕಿನಿಂದ ಬಂದ ಹಳದಿ ಯಾವುದು, ವಸ್ತುವಿನಲ್ಲಿರುವ ಹಳದಿ ಯಾವುದು ಎಂಬ ವಿವೇಕವನ್ನು ಮಾಡಲು ಅವನಲ್ಲಿ ಸಾಧನವಿರಲಿಲ್ಲ. ಏಕೆಂದರೆ ತೆಗೆದ ಪಟದಲ್ಲಿ ವಸ್ತುವಿನ ಹೊರತು ಬೇರೆ ಸಾಕ್ಷಿಯೇ ಇರಲಿಲ್ಲ.

೪

ಈ ದೋಷವು ಕಂಪ್ಯೂಟರಿನೊಡನೆ ಹುಟ್ಟಿದುದಲ್ಲ. ಅಜಂತೆಯ ಭಿತ್ತಿಚಿತ್ರಗಳ ಪ್ರತಿಕೃತಿಗಳ ಚರಿತ್ರೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯವರ ಅಪ್ಪಣೆಯಂತೆ ರಾಬರ್ಟ್ ಗಿಲ್ ಎಂಬ ಸೇನಾಧಿಕಾರಿಯು ೧೮೪೦ರ ದಶಕದಿಂದ ಬರೆದ ಪ್ರತಿಗಳಲ್ಲಿ ಹೆಚ್ಚಿನವು ಲಂಡನ್ನಿನ ಹತ್ತಿರದ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ೧೮೬೬ರಲ್ಲಿ ಬೆಂಕಿಗೆ ಆಹುತಿಯಾದುವು. ಮುಂಬಯಿಯ ಕಲಾಶಾಲೆಯ ಜಾನ್ ಗ್ರಿಫಿತ್ಸನು ವಿದ್ಯಾರ್ಥಿಗಳೊಡನೆ ೧೮೭೨ರಿಂದ ೧೮೮೫ರ ವರೆಗೆ ಸಿದ್ಧಪಡಿಸಿದ ಪ್ರತಿಗಳಲ್ಲಿಯೂ ಬಹುಭಾಗವು ಲಂಡನ್ನಿನಲ್ಲಿಯೇ ೧೮೮೫ರಲ್ಲಿ ಸುಟ್ಟುಹೋಯಿತು. ಉಳಿದುವುಗಳ ಆಧಾರದಿಂದ ೧೮೯೬-೯೭ರಲ್ಲಿ ಅವನ ಗ್ರಂಥವು ಹೊರಬಂದಿತು. ಲೇಡಿ ಹೆರಿಂಗ್‌ಹ್ಯಾಮಳು ನಂದಲಾಲ ಬೋಸ್ ಮೊದಲಾದ ತರುಣ ಚಿತ್ರಕಾರರ ನೆರವಿನಿಂದ ಬರೆದ ಪ್ರತಿಗಳು ೧೯೧೫ರಲ್ಲಿ ಪ್ರಕಟವಾದುವು. ಇವೆಲ್ಲವೂ ಕೈಯಿಂದ ಬರೆದುವು. ಪ್ರತಿಕಾರನ ಕಣ್ಣು, ಅವನ ಪೆಟ್ಟಿಗೆಯಲ್ಲಿದ್ದ ಬಣ್ಣ, ಗುಹೆಯ ಮಬ್ಬು ಬೆಳಕು ಇವು ಮೂರೂ ಅವುಗಳಲ್ಲಿ ಸೇರಿಕೊಂಡಿವೆ.

ಗುಲಾಂ ಯಜ್ದಾನಿಯವರು ಹೈದರಾಬಾದಿನ ಸರ್ಕಾರದ ಆಶ್ರಯದಲ್ಲಿ ೧೯೩೦, ೧೯೩೩, ೧೯೪೬, ೧೯೫೫ನೆಯ ವರ್ಷಗಳಲ್ಲಿ ನಾಲ್ಕು ಭಾಗಗಳಾಗಿ ಪ್ರಕಟಿಸಿದ ಗ್ರಂಥವಾದರೋ ಛಾಯಾಚಿತ್ರವನ್ನು ಆಧರಿಸಿದುದೆಂದು ಹೆಸರಿನಲ್ಲಿಯೇ ಹೇಳಿಕೊಂಡಿದೆ. ಈ ಗ್ರಂಥದಲ್ಲಿ ನನಗೆ ಬಹಳ ಮೆಚ್ಚಿಗೆಯಾದ ವಿಷಯವೆಂದರೆ ಬಣ್ಣದ ಪಟಗಳೊಡನೆ ಏಕವರ್ಣದ ಪಟಗಳನ್ನೂ ಕೊಟ್ಟಿರುವುದು. ಬಣ್ಣದಲ್ಲಿ ಸಂದೇಹವುಂಟಾದಾಗ ರೇಖೆಯನ್ನೂ ನೆರಳುಬೆಳಕುಗಳನ್ನೂ ಏಕವರ್ಣದ ಪಟದಿಂದ ಪರೀಕ್ಷಿಸಬಹುದು. ಎರಡು ಪ್ರತಿಗಳನ್ನು ಎದುರೆದುರಿಗೆ ಇಟ್ಟು ಓದುವ ಸಂಪಾದಕನ ವಿವೇಕವೇ ಇದು.

ಇಲ್ಲಿ ಇನ್ನೊಂದು ತೊಡಕನ್ನೂ ಗಮನಿಸಬೇಕು. ೧೯೨೦-೨೨ರಲ್ಲಿ ಇಟಲಿಯ ಇಬ್ಬರು ತಜ್ಞರು ಭಿತ್ತಿಚಿತ್ರಗಳ ರಕ್ಷಣೆಗಾಗಿ ಅರಗಿನ ಮೆರುಗೆಣ್ಣೆಯನ್ನು ಬಳಸಿದರು. ಅದು ಕಾಲಕ್ರಮದಲ್ಲಿ ಹಳದಿಗೆ ತಿರುಗಿತು. ಮುಂದೆ ಪುರಾತತ್ತ್ವ ಇಲಾಖೆಯವರು ಅದನ್ನು ತೆಗೆಯಬೇಕಾಯಿತು. ಆದುದರಿಂದ ಅಜಂತೆಯ ಪಟದಲ್ಲಿ ಕಾಣುವ ಹಳದಿಯು ಚಿತ್ರಕಾರನದೆ, ಮೆರುಗೆಣ್ಣೆಯದೆ, ದೀಪದ್ದೆ, ಶಾಯಿಯದೆ ಎಂಬ ನಾಲ್ಕು ವಿಕಲ್ಪಗಳು ಏಳುತ್ತವೆ. ಇದು ಬರಿಯ ರುಚಿಯ ಪ್ರಶ್ನೆಯಲ್ಲ. ಅಲ್ಲಿಯ ನೀಲಿಯು ರಾಜಾವರ್ತಶಿಲೆಯಿಂದ ಬಂದುದು. ಹಸಿರು ಒಂದು ಬಗೆಯ ಮಣ್ಣಿನಿಂದ ಬಂದುದು. ರಾಜಾವರ್ತವು ದೂರದ ಬದಖ್‌ಶಾನಿನ ಗಣಿಗಳಿಂದ ವರ್ತಕರ ಮೂಲಕ ಬರುತ್ತಿದ್ದಿತು. ಅಚ್ಚಿನಲ್ಲಿ ಮಣ್ಣಿನ ಹಸಿರು ನೀಲಿಯಾದರೆ, ಎಲ್ಲಿಯೂ ನಡೆಯದ ವ್ಯಾಪಾರವೊಂದನ್ನು ಪಂಡಿತನು ನಡೆಯಿಸಿಬಿಡುತ್ತಾನೆ.

ಬಣ್ಣವು ಸರಿಯಾಗಿ ಬಂದಂತೆ ಕಂಡಮಾತ್ರಕ್ಕೆ ಮಾರ್ಗವು ಸರಿಯೆಂದು ನಂಬಕೂಡದು. ೧೮೬೧ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು ಲಂಡನ್ನಿನಲ್ಲಿ ಪಟ್ಟೆಪಟ್ಟೆಯ ರಿಬ್ಬನ್ನೊಂದನ್ನು ಕೆಂಪು, ಹಸಿರು, ನೀಲಿಯ ಶೋಧಕಗಳ ಮೂಲಕ ಬೇರೆಬೇರೆಯಾಗಿ ತೆಗೆದ ಛಾಯಾಚಿತ್ರಗಳನ್ನು ಒಂದರ ಮೇಲೊಂದು ಬೀಳುವಂತೆ ತೋರಿಸಿ ಮೊದಲ ವರ್ಣಛಾಯಾಚಿತ್ರವನ್ನು ಸಾಧಿಸಿದನು. ಆ ಕಾಲದ ರಾಸಾಯನಿಕ ಲೇಪಕ್ಕಾದರೋ ಕೆಂಪುಬೆಳಕನ್ನು ಗ್ರಹಿಸುವ ಶಕ್ತಿಯೇ ಇರಲಿಲ್ಲ. ಹಾಗಾದರೆ ಕೆಂಪು ಬಂದುದು ಹೇಗೆ? ರಿಬ್ಬನ್ನಿನ ಕೆಂಪುಭಾಗವು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ಪ್ರತಿಫಲಿಸಿ, ಅವು ಕೆಂಪುಶೋಧಕದ ಮೂಲಕ ನುಸುಳಿದುವೆಂದು ನೂರು ವರ್ಷಗಳ ಮೇಲೆ, ೧೯೬೧ರಲ್ಲಿ, ಪರೀಕ್ಷೆಯಿಂದ ತಿಳಿದುಬಂದಿತು. ಹುಳುವು ಕೊರೆದ ಗೆರೆಯು ದೈವಯೋಗದಿಂದ ಅಕ್ಷರವಾಗುವ ಘುಣಾಕ್ಷರನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ. ನಮ್ಮ ಅನೇಕ ವರ್ಣಪಟಗಳು ಸರಿಯಾಗಿರುವಾಗಲೂ ಹೀಗೆಯೇ ಸರಿಯಾಗಿವೆ.

೫

ಪಟವು ಕ್ಯಾಮರಾದಿಂದ ಕಾಗದಕ್ಕೆ ಬರುವ ದಾರಿಯಲ್ಲಿ ಬಣ್ಣವು ಎಲ್ಲೆಲ್ಲಿ ಕೆಡುತ್ತದೆಂಬುದನ್ನು ಸಂಗ್ರಹವಾಗಿ ನೋಡೋಣ.

ಕ್ಯಾಮರಾವು ಪ್ರತಿಯೊಂದು ಬಿಂದುವಿನ ಬಣ್ಣವನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಾಗಿ ಬರೆದಿಡುತ್ತದೆ. ಆ ಸಂಖ್ಯೆಗಳಿಗೆ ತಮ್ಮಷ್ಟಕ್ಕೆ ತಾವೇ ಅರ್ಥವಿಲ್ಲ. ಯಾವ ಕೆಂಪು, ಯಾವ ಹಸಿರು ಎಂಬುದನ್ನು ಜೊತೆಯಲ್ಲಿ ತಿಳಿಸಬೇಕು. ಹಾಗೆ ತಿಳಿಸುವ ಲೇಖವನ್ನು ಮುದ್ರಕರು ಪ್ರೊಫೈಲು ಎನ್ನುತ್ತಾರೆ. ೧೯೩೧ರಲ್ಲಿ ಅಂತರರಾಷ್ಟ್ರೀಯ ದೀಪನ ಮಂಡಲಿಯವರು ಮನುಷ್ಯನ ಕಣ್ಣನ್ನೇ ಅಳತೆಗೋಲಾಗಿ ಇಟ್ಟುಕೊಂಡು ಬಣ್ಣಗಳಿಗೆ ಸಂಖ್ಯಾನಿರ್ದೇಶವನ್ನು ಏರ್ಪಡಿಸಿದರು. ಪ್ರೊಫೈಲಿನ ಅಂತರರಾಷ್ಟ್ರೀಯ ವ್ಯವಸ್ಥೆಯು ಈ ಬಗೆಯ ಸಂಖ್ಯಾನಿರ್ದೇಶವನ್ನೇ ಆಧರಿಸಿ ೧೯೯೩ರಿಂದ ಬೆಳೆದುಬಂದಿದೆ. ಪ್ರೊಫೈಲನ್ನು ಕಳಚಿದ ಪಟವು ಯಾವ ಲಿಪಿಯೆಂದು ತಿಳಿಯದ ಓಲೆಯಂತೆ. ಅಡೋಬಿ ಆರ್‌ಜಿಬಿ ಎಂಬ ವಿಶಾಲವಾದ ಕ್ರಮದಲ್ಲಿ ಬರೆದ ಸಂಖ್ಯೆಗಳನ್ನು ಎಸ್‌ಆರ್‌ಜಿಬಿ ಎಂಬ ಸಂಕುಚಿತವಾದ ಕ್ರಮದಲ್ಲಿ ಓದಿದರೆ ಪಟವು ಬಾಡಿದಂತೆ ಕಾಣುತ್ತದೆ. ಕೆಲಸದವನು ಅದನ್ನು ನೋಡಿ ಬಣ್ಣವನ್ನು ಏರಿಸುತ್ತಾನೆ. ಇಲ್ಲದ ರೋಗಕ್ಕೆ ಮಾಡಿದ ಈ ಚಿಕಿತ್ಸೆಯಿಂದ ನಿಜವಾದ ರೋಗವು ಹುಟ್ಟುತ್ತದೆ.

ಎರಡನೆಯದು ಮಾನಿಟರು. ಅಳತೆಮಾಡಿ ಹೊಂದಿಸದ ಮಾನಿಟರುಗಳು ಅನೇಕವಾಗಿ ಅತಿಯಾಗಿ ಹೊಳೆಯುತ್ತವೆ, ನೀಲಿಗೆ ಒಲಿದಿರುತ್ತವೆ. ನೀಲಿಯ ತೆರೆಯನ್ನು ನಂಬಿ ತಿದ್ದಿದ ಪಟವು ಕಾಗದದ ಮೇಲೆ ಹಳದಿಯಾಗುತ್ತದೆ. ಹೊಳೆಯುವ ತೆರೆಯನ್ನು ನಂಬಿ ತಿದ್ದಿದುದು ಕಪ್ಪಾಗುತ್ತದೆ. ಅಚ್ಚುಕೂಟದವರನ್ನು ದೂರುವ ಮೊದಲು ಗ್ರಂಥಕರ್ತನು ತನ್ನ ಮೇಜಿನ ಮೇಲಿರುವ ತೆರೆಯನ್ನು ಶಂಕಿಸಬೇಕು.

ಮೂರನೆಯದು ಶಾಯಿ ಮತ್ತು ಕಾಗದ. ತೆರೆಯು ಬೆಳಕನ್ನು ಕೂಡಿಸಿ ಬಣ್ಣವನ್ನು ತೋರಿಸುತ್ತದೆ. ಶಾಯಿಯು ಕಾಗದದಿಂದ ಬರುವ ಬೆಳಕನ್ನು ಕಳೆದು ತೋರಿಸುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಸಿಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಸಣ್ಣ ಚುಕ್ಕೆಗಳಿಂದಲೇ ಎಲ್ಲವೂ ನಡೆಯಬೇಕು. ಈ ಶಾಯಿಗಳು ಪೂರ್ಣವಾಗಿ ಶುದ್ಧವಲ್ಲ. ಮೊದಲ ಮೂರನ್ನು ಸಮಪ್ರಮಾಣದಲ್ಲಿ ಸೇರಿಸಿದರೆ ಬೂದುಬಣ್ಣಕ್ಕೆ ಬದಲು ಕಂದು ಬರುತ್ತದೆ. ಸಿಯಾನ್ ೫೦ರಷ್ಟಿದ್ದರೆ ಉಳಿದೆರಡು ೪೦ರ ಆಸುಪಾಸಿನಲ್ಲಿರಬೇಕು. ಚುಕ್ಕೆಯು ಕಾಗದದ ಮೇಲೆ ಹರಡುತ್ತದೆ. ಪ್ಲೇಟಿನಲ್ಲಿ ನೂರಕ್ಕೆ ೫೦ರಷ್ಟು ಸ್ಥಳವನ್ನು ಆಕ್ರಮಿಸುವ ಚುಕ್ಕೆಗಳು ನುಣುಪು ಕಾಗದದಲ್ಲಿ ೬೫ರ ಸಮೀಪಕ್ಕೂ, ಒರಟು ಕಾಗದದಲ್ಲಿ ಅದಕ್ಕಿಂತ ಹೆಚ್ಚಿಗೂ ಬೆಳೆಯುತ್ತವೆ. ನಾಲ್ಕು ಶಾಯಿಗಳ ಮೊತ್ತವು ನುಣುಪು ಕಾಗದದಲ್ಲಿ ೩೦೦ರಿಂದ ೩೩೦ರ ವರೆಗೆ ಸಲ್ಲಬಹುದು. ವೃತ್ತಪತ್ರಿಕೆಯ ಕಾಗದವಾದರೆ ೨೪೦ನ್ನು ಮೀರಿದರೆ ಒಣಗದೆ ಮಸಿಯಾಗುತ್ತದೆ. ಆದುದರಿಂದ ಒಂದೇ ಕಡತವನ್ನು ಎಲ್ಲ ಕಾಗದಗಳಿಗೂ ಕಳುಹಿಸುವುದು ಒಂದೇ ಔಷಧವನ್ನು ಎಲ್ಲ ರೋಗಿಗಳಿಗೂ ಕೊಟ್ಟಂತಾಗುತ್ತದೆ.

ಕೊನೆಯದಾಗಿ, ಕೆಲವು ಬಣ್ಣಗಳು ಈ ನಾಲ್ಕು ಶಾಯಿಗಳಿಗೆ ಎಟುಕುವುದೇ ಇಲ್ಲ. ರಾಜಾವರ್ತದ ಆಳವಾದ ನೀಲಿಯು ಅಚ್ಚಿನಲ್ಲಿ ನೇರಳೆಗೆ ಜಾರುತ್ತದೆ. ಇಂಗುಲೀಕದ ಕೆಂಪು ತನ್ನ ಉರಿಯನ್ನು ಕಳೆದುಕೊಳ್ಳುತ್ತದೆ. ಎಟುಕದ ಬಣ್ಣಗಳನ್ನು ಎಟುಕುವ ಎಲ್ಲೆಯೊಳಕ್ಕೆ ತರಲು ಎರಡು ಮುಖ್ಯ ಮಾರ್ಗಗಳುಂಟು. ಎಲ್ಲ ಬಣ್ಣಗಳನ್ನೂ ಪರಸ್ಪರ ಸಂಬಂಧವು ಕೆಡದಂತೆ ಒಳಕ್ಕೆ ಕುಗ್ಗಿಸುವುದು ಒಂದು. ಎಟುಕುವುವನ್ನು ಇದ್ದಂತೆಯೇ ಬಿಟ್ಟು ಎಟುಕದುವನ್ನು ಮಾತ್ರ ಅಂಚಿಗೆ ತಂದು ನಿಲ್ಲಿಸುವುದು ಇನ್ನೊಂದು. ಎರಡಕ್ಕೂ ನ್ಯಾಯವುಂಟು, ಎರಡರಿಂದಲೂ ನಷ್ಟವುಂಟು. ಯಾವುದನ್ನು ಆರಿಸಿತೆಂಬುದು ಸಂಪಾದಕನ ನಿರ್ಣಯ. ಪಾಠಾಂತರಗಳಲ್ಲಿ ಒಂದನ್ನು ಆರಿಸಿದ ಹಾಗೆಯೇ ಇದನ್ನೂ ಹೇಳತಕ್ಕದ್ದು. ಮೈಸೂರು ಚಿತ್ರಗಳ ಚಿನ್ನದ ರೇಕಿನ ಸಂಗತಿಯಂತೂ ಇದಕ್ಕಿಂತ ಕಷ್ಟವಾದುದು. ಅದರ ಕಾಂತಿಯು ನೋಡುವವನು ತಲೆಯನ್ನು ತಿರುಗಿಸಿದಂತೆ ತಿರುಗುತ್ತದೆ. ಅಚ್ಚಿನಲ್ಲಿ ಅದು ಒಂದು ಕಂದುಹಳದಿ ಮಾತ್ರ.

೬

ಹಾಗಾದರೆ ಮಾಡತಕ್ಕದ್ದೇನು? ಮುದ್ರಕರಿಗೆ ತಿಳಿಯದುದನ್ನು ನಾನು ಹೇಳುವೆನೆಂಬ ಧಾರ್ಷ್ಟ್ಯವು ನನಗಿಲ್ಲ. ಒಳ್ಳೆಯ ಅಚ್ಚುಕೂಟದವರಿಗೆ ಇದೆಲ್ಲವೂ ಕರತಲಾಮಲಕವಾಗಿದೆ. ತಿಳಿಯಬೇಕಾದವರು ಅವರಿಗೆ ಕೆಲಸವನ್ನು ಒಪ್ಪಿಸುವ ನಮ್ಮಂಥವರು.

ಮೊದಲನೆಯದಾಗಿ, ಛಾಯಾಚಿತ್ರವನ್ನು ತೆಗೆಯುವಾಗಲೇ ಸಾಕ್ಷಿಯನ್ನು ಇಡಬೇಕು. ಮೌಲ್ಯಗಳು ಗೊತ್ತಾಗಿರುವ ೨೪ ಬಣ್ಣದ ಚೌಕಗಳುಳ್ಳ ಫಲಕವು ೧೯೭೬ರಿಂದ ಬಳಕೆಯಲ್ಲಿದೆ. ಅದನ್ನು ವಸ್ತುವಿನ ಪಕ್ಕದಲ್ಲಿಯೇ, ಅದೇ ಬೆಳಕಿನಲ್ಲಿ, ಪಟದೊಳಗೆ ಸೇರುವಂತೆ ಇಡಬೇಕು. ಬೆಳಕು ಒಂದೇ ಬಗೆಯದಾಗಿರಬೇಕು. ಕಿಟಕಿಯ ಬೆಳಕೂ ದೀಪದ ಬೆಳಕೂ ಬೆರೆತರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಬಿಳುಪನ್ನು ನಿರ್ಣಯಿಸುವುದು ಫಲಕದ ಬೂದುಚೌಕದಿಂದಲೇ ಹೊರತು ಹಳೆಯ ಕಾಗದದ ಅಂಚಿನಿಂದಲ್ಲ. ಹೀಗೆ ಮಾಡಿದ್ದರೆ ನಮ್ಮ ಗಿಳಿಯು ಹಸಿರಾಗಿಯೇ ಉಳಿಯುತ್ತಿದ್ದಿತು.

ಎರಡನೆಯದಾಗಿ, ಕ್ಯಾಮರಾವು ಕೊಟ್ಟ ಮೊದಲ ಕಡತವನ್ನು ಮಾತೃಕೆಯೆಂದು ಭಾವಿಸಿ ಮುಟ್ಟದೆ ಇಡಬೇಕು. ತಿದ್ದುಪಡಿಗಳೆಲ್ಲವೂ ಪ್ರತಿಯಲ್ಲಿಯೇ ಆಗತಕ್ಕದ್ದು. ಪ್ರೊಫೈಲನ್ನು ಯಾರೂ ಕಳಚಕೂಡದು. ನಾಲ್ಕು ಶಾಯಿಗಳಿಗೆ ಪರಿವರ್ತನೆಯು ಕಾಗದವೂ ಅಚ್ಚುಕೂಟವೂ ಗೊತ್ತಾದಮೇಲೆ, ಆ ಕಾಗದಕ್ಕೆ ತಕ್ಕ ಪ್ರೊಫೈಲಿನಿಂದ, ಒಮ್ಮೆ ಮಾತ್ರ ನಡೆಯಬೇಕು.

ಮೂರನೆಯದಾಗಿ, ಪ್ರೂಫನ್ನು ಮೂಲದ ಪಕ್ಕದಲ್ಲಿಟ್ಟು ನೋಡಬೇಕು. ಅಕ್ಷರದ ಕರಡನ್ನು ಮೂಲದೊಡನೆ ಹೋಲಿಸಿ ತಿದ್ದುವ ನಾವು ಬಣ್ಣದ ಕರಡನ್ನು ನೆನಪಿನೊಡನೆ ಹೋಲಿಸುತ್ತೇವೆ. ನೋಡುವ ಬೆಳಕಿಗೂ ಮುದ್ರಣಶಾಸ್ತ್ರದಲ್ಲಿ ನಿಯಮವುಂಟು. ೫೦೦೦ ಕೆಲ್ವಿನ್ನಿನ ಹಗಲಿನಂತಹ ಬೆಳಕನ್ನು ಅದಕ್ಕಾಗಿ ಗೊತ್ತುಪಡಿಸಿದ್ದಾರೆ. ಒಂದು ದೀಪದಲ್ಲಿ ಒಂದೇ ಆಗಿ ಕಾಣುವ ಎರಡು ಬಣ್ಣಗಳು ಇನ್ನೊಂದು ದೀಪದಲ್ಲಿ ಬೇರೆಬೇರೆಯಾಗಿ ಕಾಣಬಹುದಾದುದರಿಂದ ಈ ನಿಯಮವು ನಿರರ್ಥಕವಲ್ಲ. ಮೂಲವನ್ನು ಅಚ್ಚುಕೂಟಕ್ಕೆ ಒಯ್ಯಲಾಗದಿದ್ದರೆ ಪ್ರೂಫನ್ನು ಮೂಲವಿರುವಲ್ಲಿಗೆ ಒಯ್ಯಬೇಕು.

ನಾಲ್ಕನೆಯದಾಗಿ, ಇವೆಲ್ಲವನ್ನೂ ಪೀಠಿಕೆಯಲ್ಲಿ ನಾಲ್ಕು ಸಾಲುಗಳಲ್ಲಿ ಹೇಳಬೇಕು: ಯಾವ ಬೆಳಕು, ಫಲಕವಿದ್ದಿತೆ, ಯಾವ ಪರಿವರ್ತನೆ, ಪ್ರೂಫನ್ನು ಮೂಲದೊಡನೆ ಹೋಲಿಸಲಾಯಿತೆ, ಯಾವ ಬಣ್ಣಗಳು ಅಚ್ಚಿಗೆ ಎಟುಕಲಿಲ್ಲ. ಈ ಐದು ಮಾತುಗಳಿಲ್ಲದ ಗ್ರಂಥದ ವರ್ಣಪಟವನ್ನು ಸಂತೋಷಕ್ಕಾಗಿ ನೋಡಬಹುದು. ಬಣ್ಣದ ವಿಷಯದಲ್ಲಿ ಅದನ್ನು ಪ್ರಮಾಣವಾಗಿ ಉದಾಹರಿಸಕೂಡದು.

೭

ಇಲ್ಲಿ ಕೆಲವರು ಆಕ್ಷೇಪಿಸಬಹುದು. ಒಬ್ಬೊಬ್ಬನ ಕಣ್ಣಿಗೆ ಬಣ್ಣವು ಒಂದೊಂದು ಬಗೆಯಾಗಿ ಕಾಣುವಾಗ ಶುದ್ಧವರ್ಣವೆಂಬುದು ಎಲ್ಲಿಯದು ಎಂದು ಮೊದಲನೆಯ ಆಕ್ಷೇಪ. ಇದಕ್ಕೆ ಸಮಾಧಾನವೇನೆಂದರೆ, ಉಚ್ಚಾರಣೆಯೂ ಒಬ್ಬೊಬ್ಬನದು ಒಂದೊಂದು ಬಗೆಯಾಗಿದೆ. ಅಷ್ಟರಿಂದ ಶಿಕ್ಷಾಶಾಸ್ತ್ರವು ವ್ಯರ್ಥವಾಗಲಿಲ್ಲ. ನಾವು ಕೇಳುವುದು ಪರಮಸತ್ಯವನ್ನಲ್ಲ, ಮೂಲವನ್ನೂ ಪಟವನ್ನೂ ಒಂದೇ ಬೆಳಕಿನಲ್ಲಿ ಒಬ್ಬನೇ ನೋಡಿದಾಗ ದೊರೆಯುವ ಸಾಮ್ಯವನ್ನು.

ಮೂಲವೇ ಮಾಸಿರುವಾಗ ಅದರ ಮಾಸಿದ ಬಣ್ಣವನ್ನು ಅಚ್ಚುಮಾಡಿ ಪ್ರಯೋಜನವೇನು, ಚಿತ್ರಕಾರನು ಬರೆದಾಗ ಇದ್ದಂತೆ ಹೊಳೆಯಿಸಬಾರದೆ ಎಂಬುದು ಎರಡನೆಯದು. ತ್ರುಟಿತವಾದ ಪಾಠವನ್ನು ಊಹೆಯಿಂದ ತುಂಬುವುದನ್ನು ಯಾರೂ ಬೇಡವೆನ್ನುವುದಿಲ್ಲ, ಕಂಸದೊಳಗೆ ತುಂಬಬೇಕೆನ್ನುತ್ತಾರೆ. ಬಣ್ಣಕ್ಕೆ ಕಂಸವಿಲ್ಲ. ಆದುದರಿಂದ ಹೊಳೆಯಿಸಿದ ಪಟವನ್ನು ಕೊಡುವುದಾದರೆ ಇದ್ದಂತೆ ಇರುವ ಪಟವನ್ನೂ ಪಕ್ಕದಲ್ಲಿ ಕೊಡತಕ್ಕದ್ದು. ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಬಿಳುಪಿಗೆ ಶಂಖಚೂರ್ಣ, ಹಳದಿಗೆ ಹರಿತಾಲ, ಕಪ್ಪಿಗೆ ಕಾಡಿಗೆ ಎಂದು ದ್ರವ್ಯಗಳನ್ನು ಹೆಸರಿಸಿ, ಯಾವುದನ್ನು ಯಾವುದರೊಡನೆ ಬೆರಸಿದರೆ ಯಾವ ಕಾಂತಿಯುಂಟಾಗುವುದೆಂದು ಹೇಳಿದ್ದಾನೆ. ಬಣ್ಣವನ್ನು ದ್ರವ್ಯದಿಂದ ಗುರುತಿಸುವ ಈ ಶಿಸ್ತು ನಮಗೆ ಹೊಸದಲ್ಲ.

ವೆಚ್ಚವು ಹೆಚ್ಚೆಂಬುದು ಮೂರನೆಯದು. ಇದನ್ನು ಅಲ್ಲಗಳೆಯಲಾರೆ. ನಮ್ಮ ಸಂಸ್ಥೆಗಳು ಬಡವು. ಆದರೆ ಫಲಕವೊಂದನ್ನು ಕೊಳ್ಳುವುದೂ, ಪ್ರೂಫನ್ನು ಮೂಲದ ಹತ್ತಿರಕ್ಕೆ ಕೊಂಡೊಯ್ಯುವುದೂ, ಪೀಠಿಕೆಯಲ್ಲಿ ನಾಲ್ಕು ಸಾಲುಗಳನ್ನು ಸೇರಿಸುವುದೂ ಬಡವರಿಗೆ ಅಸಾಧ್ಯವಲ್ಲ. ಅದೂ ಆಗದಿದ್ದರೆ ಏಕವರ್ಣದಲ್ಲಿಯೇ ಅಚ್ಚುಮಾಡಿ, ಬಣ್ಣಗಳನ್ನು ಮೂಲವನ್ನು ನೋಡಿ ಮಾತಿನಲ್ಲಿ ವರ್ಣಿಸಲಿ. ಮೂಲವನ್ನು ಕಂಡು ‘ಹಸಿರು’ ಎಂದು ಬರೆದ ಒಂದು ಶಬ್ದವು ನೀಲಿಯಾಗಿ ಅಚ್ಚಾದ ಬೆಲೆಬಾಳುವ ಪಟಕ್ಕಿಂತ ನನಗೆ ಉಪಕಾರಿಯಾಗುತ್ತಿದ್ದಿತು.

೮

ದೋಷದಲ್ಲಿ ಪಾಲುಗಾರರು ಅನೇಕರು. ಪಟವನ್ನು ಸಿದ್ಧಪಡಿಸಿದವನು ಅಂದವಾಗಲೆಂದು ಮಾಡಿದನು. ಪ್ರಕಾಶಕರು ಅಂದವಾಗಿದೆಯೆಂದು ಒಪ್ಪಿದರು. ನಾನು ಅಚ್ಚಾಗಿದೆಯೆಂದು ನಂಬಿದೆನು. ಇವುಗಳಲ್ಲಿ ಹೆಚ್ಚಿನ ಅಪರಾಧವು ನನ್ನದೇ. ಉಳಿದಿಬ್ಬರು ಆ ಪಟವು ಪ್ರಮಾಣವೆಂದು ಎಲ್ಲಿಯೂ ಹೇಳಿರಲಿಲ್ಲ, ಹೇಳಿದವನು ನಾನು. ಅಕ್ಷರಕ್ಕೆ ಎರಡು ಪ್ರತಿಗಳನ್ನು ಕೇಳುವ ನಾನು ಬಣ್ಣಕ್ಕೆ ಒಂದು ಮುದ್ರಣದಿಂದ ತೃಪ್ತನಾದೆನು.

ಈ ಪತ್ರಿಕೆಯಲ್ಲಿ ಗ್ರಂಥವಿಮರ್ಶೆಯನ್ನು ಬರೆಯುವ ಮಹಾ‌ಶಯರು ಇನ್ನು ಮುಂದೆ ಸಚಿತ್ರಗ್ರಂಥಗಳು ಕೈಗೆ ಬಂದಾಗ ಮೇಲೆ ಹೇಳಿದ ಐದು ಪ್ರಶ್ನೆಗಳನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇನೆ. ಪೀಠಿಕೆಯಲ್ಲಿ ಉತ್ತರವಿಲ್ಲದಿದ್ದರೆ ಆ ಮಾತನ್ನೇ ವಿಮರ್ಶೆಯಲ್ಲಿ ಬರೆದರೆ ಸಾಕು. ಎರಡು ಮೂರು ಸಲ ಬರೆದರೆ ಪ್ರಕಾಶಕರು ತಾವಾಗಿಯೇ ಎಚ್ಚರಗೊಳ್ಳುವರು. ಪಟವನ್ನು ಮಾತ್ರ ನೋಡಿ ಬರೆಯಬೇಕಾದ ಸಂದರ್ಭದಲ್ಲಿ, ಬಣ್ಣವು ಲೋಕಕ್ಕೆ ತಿಳಿದಿರುವ ಪದಾರ್ಥವೇನಾದರೂ ಚಿತ್ರದಲ್ಲಿದೆಯೆ, ಎಲೆಯೋ ಗಿಳಿಯೋ ಅರಿಸಿನವೋ ಇದೆಯೆ, ಅದು ಸರಿಯಾಗಿ ಬಂದಿದೆಯೆ ಎಂದಾದರೂ ಮೊದಲು ನೋಡತಕ್ಕದ್ದು. ಒಂದು ಅಗುಳಿನಿಂದ ಅನ್ನದ ಪಾಕವನ್ನು ತಿಳಿಯುವ ಸ್ಥಾಲೀಪುಲಾಕನ್ಯಾಯವು ಇಲ್ಲಿಯೂ ಸಲ್ಲುತ್ತದೆ.

ವಿದ್ಯಾರ್ಥಿನಿಯು ತನ್ನ ಪ್ರಕರಣವನ್ನು ತೆಗೆದುಹಾಕಿ ಹೊಸದಾಗಿ ಬರೆದಳು. ಅದಕ್ಕಾಗಿ ಅವಳಿಗೆ ಆರು ತಿಂಗಳು ಹಿಡಿಯಿತು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಾತಂಗಿಯ ನೀಲವರ್ಣವನ್ನು ಕುರಿತು ನಾನು ಸಭೆಯಲ್ಲಿ ಪ್ರತಿಪಾದಿಸಿದ ಭಾಗವನ್ನು ಈ ಲೇಖನದ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದನ್ನು ಉದಾಹರಿಸಿರುವವರು ಯಾರಾದರೂ ಇದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕೆಂದು ಅರಿಕೆ.